‘ಕಾದಂಬರಿ’ಯೊಳಗಿನ ನಿರೂಪಕರು

ಬಂಗಾಳಿಗಳು ‘ಉಪನ್ಯಾಸ’ವೆನ್ನುವ ಗದ್ಯಕಥೆಯನ್ನು ನಾವೂ ಮರಾಠಿಗರೂ ‘ಕಾದಂಬರಿ’ಯೆನ್ನುವೆವು, ನಮ್ಮಲ್ಲಿ ಉಪನ್ಯಾಸವೆಂದರೆ ಶ್ರೋತೃಗಳು ಈಗ ಸಹಿಸಿಕೊಂಡಿರುವ ಭಾಷಣವಷ್ಟೆ. ಏಳನೆಯ ಶತಮಾನದ ಬಾಣಭಟ್ಟನ ಕಥಾನಾಯಿಕೆಯ ಹೆಸರು ಹೀಗೆ 1899ರ ‘ಇಂದಿರಾಬಾಯಿ’ಯಂತಹ ಸಾಮಾಜಿಕ ಕಥೆಗಳಿಗೂ ಸಂದಿತು.

ಹೆಸರನ್ನು ತೆಗೆದುಕೊಂಡೆವು, ಅದರೊಡನಿದ್ದ ಪಾಠವನ್ನು ಬಿಟ್ಟೆವು. ಪಾತ್ರದ ಮಾತನ್ನೇ ಗ್ರಂಥಕರ್ತನ ಮತವೆಂದು ವಿದ್ಯಾರ್ಥಿಗಳು ಇಂದಿಗೂ ಬರೆಯುತ್ತಾರೆ. ಆ ಪ್ರಾಚೀನ ಕೃತಿಯಲ್ಲಿ ಶೂದ್ರಕರಾಜನಿಗೆ ಕಥೆ ಹೇಳುವುದು ಒಂದು ಗಿಳಿ. ಗಿಳಿಗೆ ಹೇಳಿದವನು ಜಾಬಾಲಿಮುನಿ. ಅದರೊಳಗೆ ಮಹಾಶ್ವೇತೆ ತನ್ನ ವಿರಹವನ್ನು ತಾನೇ ಹೇಳುವಳು. ಇವರೆಲ್ಲರೂ ನಿರೂಪಕರು, ಕವಿಯಲ್ಲ. ಮುನಿಯು ತ್ರಿಕಾಲಜ್ಞ, ಎಲ್ಲರ ಮನಸ್ಸನ್ನೂ ಬಲ್ಲನು. ಮಹಾಶ್ವೇತೆಯಾದರೋ ತಾನು ಕಂಡುದನ್ನು ಮಾತ್ರ ಬಲ್ಲಳು. ಮರುಜನ್ಮವೆತ್ತಿ ಬಂದ ತನ್ನ ಪ್ರಿಯ ಪುಂಡರೀಕನನ್ನೇ ಅವಳು ಅರಿಯದೆ ಶಪಿಸುತ್ತಾಳೆ. ಆ ಶಾಪದಿಂದ ಗಿಳಿಯಾಗಿ, ರಾಜಸಭೆಯಲ್ಲಿ ಅವಳ ಶೋಕವನ್ನು ಹೇಳುತ್ತಿರುವವನೂ ಅವನೇ.