ಬಂಡಿ ಕಟ್ಟಿ ಬಂದವರ ಜಾಡು

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಸೀಮೆಯ ಒಕ್ಕಲು ಮನೆತನಗಳಲ್ಲಿ ‘ನಿಮ್ಮ ಮೂಲ ಯಾವುದು?’ ಎಂದು ಹಿರಿಯರನ್ನು ಕೇಳಿದರೆ, ‘ನಮ್ಮವರು ಕಂಚಿಯ ಕಡೆಯಿಂದ ಬಂದವರಂತೆ’ ಎಂಬ ಉತ್ತರ ಅಪರೂಪವಲ್ಲ. ಈ ‘ಅಂತೆ’ಯ ಹಿಂದೆ ಸುಮಾರು ಆರು ನೂರು ವರ್ಷಗಳ ಒಂದು ವಲಸೆಯ ಕಥೆಯಿದೆ. ಅದರ ನಾಯಕ ಆವತಿಯ ರಣಭೈರೇಗೌಡ. ಬೆಂಗಳೂರು, ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಈ ನಾಲ್ಕೂ ಊರುಗಳ ಸ್ಥಾಪಕರ ವಂಶಕಥೆಗಳು ಕೊನೆಗೆ ಬಂದು ಸೇರುವುದು ಈ ಒಂದು ಹೆಸರಿಗೆ. ಇಂಥ ಒಬ್ಬ ಪೂರ್ವಜನ ಬದುಕನ್ನು ನಾವು ಎಷ್ಟರಮಟ್ಟಿಗೆ ತಿಳಿಯಬಲ್ಲೆವು?

ಮೊದಲು ಕಥೆಯನ್ನು ನೋಡೋಣ. ಕಂಚಿಯ ಸಮೀಪದ ಆಲೂರಿನಲ್ಲಿ ಮೊರಸು ಒಕ್ಕಲು ಕುಟುಂಬವೊಂದಿತ್ತು. ಆ ಮನೆಯ ಮಗಳು ದೊಡ್ಡಮ್ಮ. ಅವಳನ್ನು ತನಗೆ ಮದುವೆ ಮಾಡಿಕೊಡಬೇಕೆಂದು ಬಲಶಾಲಿಯಾದ ಪಾಳೆಯಗಾರನೊಬ್ಬ ಪಟ್ಟು ಹಿಡಿದ. ಒಪ್ಪಿದರೆ ಕುಲಕ್ಕೆ ಕುಂದು, ಒಪ್ಪದಿದ್ದರೆ ಪ್ರಾಣಕ್ಕೆ ಕುತ್ತು. ಏಳು ಮನೆಗಳವರು ಬಂಡಿ ಕಟ್ಟಿಕೊಂಡು ಊರು ಬಿಟ್ಟರು. ಬೆನ್ನಟ್ಟಿ ಬರುವ ಸೈನ್ಯ ಹಿಂದೆ, ತುಂಬಿ ಹರಿಯುವ ಪಾಲಾರ್ ಮುಂದೆ. ಗಂಗೆ ಪ್ರಾರ್ಥನೆಗೆ ಒಲಿದು ದಾರಿ ಬಿಟ್ಟಳು. ದಾಟಿದವರು ನಂದಿಬೆಟ್ಟಕ್ಕೆ ಪೂರ್ವದಲ್ಲಿರುವ ರಾಮಸ್ವಾಮಿ ಬೆಟ್ಟದ ಬುಡದಲ್ಲಿ ಬಂಡಿ ನಿಲ್ಲಿಸಿದರು. ಅಲ್ಲಿಂದ ಆವತಿ ಹುಟ್ಟಿತು. ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ದಾರಿಯಲ್ಲಿ ಆ ಊರು ಇಂದಿಗೂ ಇದೆ.

ಈ ಕಥೆ ನಮಗೆ ಸಿಕ್ಕ ಬಗೆಯನ್ನೂ ಗಮನಿಸಬೇಕು. ಟಿಪ್ಪುವಿನ ಪತನದ ನಂತರ, 1799ರಿಂದ ಮೈಸೂರು ಸೀಮೆಯ ಮೋಜಣಿಗೆ ನಿಂತ ಕರ್ನಲ್ ಮೆಕೆಂಜಿಯ ಸಹಾಯಕರು ಹಳ್ಳಿಹಳ್ಳಿಗಳಿಂದ ಕೈಫಿಯತ್ತುಗಳನ್ನೂ ವಂಶಾವಳಿಗಳನ್ನೂ ಬರೆಸಿಕೊಂಡರು. ಬಿ.ಎಲ್. ರೈಸ್ 1870ರ ದಶಕದಲ್ಲಿ ಹೊರತಂದ ಮೈಸೂರು ಗೆಜೆಟಿಯರಿನಲ್ಲಿ ಆವತಿಯ ಕಥೆ ಅಚ್ಚಾಯಿತು. ಅಂದರೆ ಬಂಡಿಗಳು ಬಂದವೆನ್ನುವ ಕಾಲಕ್ಕೂ ಕಥೆ ಅಚ್ಚಾದ ಕಾಲಕ್ಕೂ ನಾಲ್ಕು ಶತಮಾನಕ್ಕೂ ಹೆಚ್ಚಿನ ಅಂತರ. ಅಷ್ಟು ಕಾಲ ಅದು ಬದುಕಿದ್ದು ಬಾಯಿಂದ ಬಾಯಿಗೆ. ಕರ್ನಾಟಕದಲ್ಲಿ ಮನೆ ಮನೆಗೆ ಬಂದು ವಂಶ ಹೊಗಳುವ ಹೆಳವರಂಥವರೂ, ಕುಲದೇವರ ಜಾತ್ರೆಗಳೂ, ಮದುವೆ ಮಾತುಕತೆಗಳೂ ಇಂಥ ನೆನಪನ್ನು ಕಾಪಾಡುತ್ತ ಬಂದಿವೆ.

ಬಾಯಿಮಾತಿನ ಚರಿತ್ರೆಗೆ ತನ್ನದೇ ಒಂದು ಗುಣವಿದೆ. ಅದು ಹೆಸರನ್ನು ಉಳಿಸಿಕೊಳ್ಳುತ್ತದೆ, ಕಾಲವನ್ನು ಮಡಚಿಬಿಡುತ್ತದೆ. ಗೆಜೆಟಿಯರಿನ ಕಥನದಂತೆ ಗುಂಪು ಬೇರೆ ಬೇರೆಯಾದಾಗ ಸಣ್ಣ ಭೈರೇಗೌಡ ಆವತಿಯಲ್ಲೇ ಉಳಿದ. ಮಲ್ಲ ಭೈರೇಗೌಡ ದೇವನಹಳ್ಳಿ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರಗಳನ್ನು ಕಟ್ಟಿದ. ಜಯಗೌಡ ಯಲಹಂಕ ನಾಡಪ್ರಭುವಾದ. ಮೂವರೂ ಒಂದೇ ಕಾಲದವರೆಂಬ ಭಾವನೆ ಬರುತ್ತದೆ. ಆದರೆ ಜಯಗೌಡನಿಗೆ ಪಟ್ಟ ದೊರೆತದ್ದು 1418ರಲ್ಲಿ ಎಂದು ಹೇಳಿಕೆ. ಚಿಕ್ಕಬಳ್ಳಾಪುರಕ್ಕೆ 1479, ದೇವನಹಳ್ಳಿಯ ಕೋಟೆಗೆ 1501 ಎಂಬ ವರ್ಷಗಳು ರೂಢಿಯಲ್ಲಿವೆ. ಮೊದಲನೆಯದಕ್ಕೂ ಕೊನೆಯದಕ್ಕೂ 83 ವರ್ಷಗಳ ಅಂತರ! ಒಂದೇ ತಲೆಮಾರಿನಲ್ಲಿ ಇಷ್ಟೆಲ್ಲ ನಡೆದಿರಲಾರದು. ನಡುವಿನ ಎರಡು ಮೂರು ತಲೆಮಾರುಗಳನ್ನು ನೆನಪು ನುಂಗಿರಬೇಕು, ಇಲ್ಲವೇ ವರ್ಷಗಳೇ ತಪ್ಪಿರಬೇಕು. ಚಿಕ್ಕಬಳ್ಳಾಪುರದ ಮಟ್ಟಿಗೆ ಸ್ಥಾಪಕನ ಹೆಸರೂ ಒಂದೇ ಅಲ್ಲ. ಬೇಟೆನಾಯಿಗಳಿಗೆ ಮೊಲ ತಿರುಗಿಬಿದ್ದ ಗಂಡುಭೂಮಿಯಲ್ಲಿ ಕೋಟೆ ಕಟ್ಟಿದವನು ಮರಿಗೌಡ ಎಂದು ಸ್ಥಳೀಯರು ಹೇಳಿದರೆ, ಗೆಜೆಟಿಯರ್ ಮಲ್ಲ ಭೈರೇಗೌಡನತ್ತ ಬೊಟ್ಟು ಮಾಡುತ್ತದೆ.

ಹೆಸರುಗಳೇ ಇನ್ನೊಂದು ತೊಡಕು. ಮೊರಸು ಒಕ್ಕಲಿಗರ ಆರಾಧ್ಯದೈವ ಕಾಲಭೈರವ. ಆದ್ದರಿಂದ ರಣಭೈರೇಗೌಡ, ಸಣ್ಣ ಭೈರೇಗೌಡ, ಮಲ್ಲ ಭೈರೇಗೌಡ ಎಂದು ತಲೆಮಾರು ತಲೆಮಾರಿಗೆ ಅದೇ ಹೆಸರು. ಗುಡಿಬಂಡೆಯ ಬೆಟ್ಟದ ಮೇಲೆ ಕೋಟೆ ಕಟ್ಟಿಸಿದವನೂ ಒಬ್ಬ ಭೈರೇಗೌಡನೇ. ಅಲ್ಲಿನ ಕೆರೆ ಅಮಾನಿ ಭೈರಸಾಗರ. ಹೆಸರು ಒಂದೇ ಎಂದಮಾತ್ರಕ್ಕೆ ವಂಶವೂ ಒಂದೇ ಎಂದು ಹೇಳಲಾಗದು. ಪೂರ್ವಜರನ್ನು ಹುಡುಕುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಹಾಗಾದರೆ ಕಥೆಯಲ್ಲಿ ನಂಬಲು ಏನೂ ಇಲ್ಲವೇ? ಇದೆ. ಭೂಗೋಳವನ್ನು ನೋಡಿ. ಬಂಡಿಗಳಿಗೆ ಅಡ್ಡಬಂದ ಪಾಲಾರ್ ನದಿ ಹುಟ್ಟುವುದೇ ನಂದಿಬೆಟ್ಟ, ಚಿಂತಾಮಣಿ, ಕೋಲಾರದ ಈ ಎತ್ತರದ ನೆಲದಲ್ಲಿ. ಇಲ್ಲಿಂದ ಹೊರಟು ಆಂಧ್ರವನ್ನು ಹಾದು, ತಮಿಳುನಾಡನ್ನು ಹೊಕ್ಕು, ಕಂಚಿಯ ಸಮೀಪವೇ ಹರಿದು ಬಂಗಾಳಕೊಲ್ಲಿಯನ್ನು ಸೇರುತ್ತದೆ. ಕಂಚಿಯ ಕಡೆಯಿಂದ ಹೊರಟವರು ಈ ನದಿಯ ಕಣಿವೆಯನ್ನು ಹಿಡಿದು ಮೇಲೇರಿದರೆ ತಲುಪುವುದು ನಂದಿಯ ಸೀಮೆಯನ್ನೇ. ಗಂಗೆ ದಾರಿ ಬಿಟ್ಟಳೆಂಬುದು ಪವಾಡದ ಮಾತಿರಬಹುದು. ಆದರೆ ನದಿಯೇ ದಾರಿ ತೋರಿಸಿರಬಹುದು ಎಂಬುದು ಅಷ್ಟೇನೂ ದೂರದ ಊಹೆಯಲ್ಲ.

ಬಂದವರು ಕಂಡ ನೆಲ ನಿರ್ಜನವಾಗಿರಲಿಲ್ಲ ಎಂಬುದನ್ನೂ ಮರೆಯಬಾರದು. ‘ಕಾಡು ಕಡಿದು ನಾಡು ಮಾಡಿದರು’ ಎಂದು ವಂಶಕಥೆಗಳು ಹೆಮ್ಮೆಯಿಂದ ಹೇಳುತ್ತವೆ. ಆದರೆ ಅದಕ್ಕೂ ಬಹಳ ಹಿಂದೆಯೇ ತಲಕಾಡಿನ ಗಂಗರು ‘ನಂದಗಿರಿನಾಥ’ ಎಂಬ ಬಿರುದು ಹೊತ್ತಿದ್ದರು. ಕ್ರಿ.ಶ. 806ರ ತಾಮ್ರಶಾಸನವೊಂದು ನಂದಿಯ ಶಿವಾಲಯಕ್ಕೆ ನೀಡಿದ ದಾನವನ್ನು ದಾಖಲಿಸುತ್ತದೆ; ಆ ಗುಡಿಯನ್ನು ಕಟ್ಟಿಸಿದವಳು ಬಾಣ ಅರಸನ ರಾಣಿ ರತ್ನಾವಳಿ. ಆವತಿಯ ಬಂಡಿಗಳು ಬೆಟ್ಟದ ಬುಡಕ್ಕೆ ಬಂದಾಗ ಭೋಗನಂದೀಶ್ವರನ ಗುಡಿಗೆ ಆಗಲೇ ಆರು ಶತಮಾನಗಳ ವಯಸ್ಸು. ಹೊಸಬರು ಕಟ್ಟಿದ್ದು ಹಳೆಯ ನಾಡಿನ ಮೇಲೊಂದು ಹೊಸ ನಾಡನ್ನು. ಮೊದಲೇ ಇಲ್ಲಿ ಉಳುತ್ತಿದ್ದವರ, ಬೇಟೆಯಾಡುತ್ತಿದ್ದವರ ಕಥೆ ಈ ವಂಶಾವಳಿಗಳಲ್ಲಿ ಬರುವುದಿಲ್ಲ.

ಬಾರದೆ ಹೋದದ್ದು ಅವರೊಬ್ಬರದೇ ಕಥೆಯಲ್ಲ. ವಂಶಾವಳಿಯೆಂದರೆ ಗೌಡರ ಪಟ್ಟಿ. ತಂದೆ, ಮಗ, ಮೊಮ್ಮಗ. ಆದರೆ ಇಡೀ ವಲಸೆಗೆ ಕಾರಣಳಾದವಳು ಒಬ್ಬ ಹೆಣ್ಣುಮಗಳು. ಬೆಟ್ಟದ ಬುಡಕ್ಕೆ ಬಂದ ಮೇಲೆ ದೊಡ್ಡಮ್ಮ ಏನಾದಳು, ಯಾರ ಮನೆ ತುಂಬಿದಳು ಎಂಬುದು ನಾಡಪ್ರಭುಗಳ ಪಟ್ಟಿಗೆ ಬೇಕಾಗಿಲ್ಲ.

ಮೊರಸು ಒಕ್ಕಲಿಗರ ಒಂದು ಪಂಗಡದಲ್ಲಿ ಹಿಂದೆ ಬಳಕೆಯಲ್ಲಿದ್ದ ಕಠೋರ ಆಚರಣೆಯೊಂದನ್ನು ಇದರೊಡನೆ ಇಟ್ಟು ನೋಡಬೇಕು. ಹಿರಿಯ ಮಗಳ ಕಿವಿ ಚುಚ್ಚುವ ಸಮಯದಲ್ಲಿ ತಾಯಿಯಾದವಳು ಬಲಗೈಯ ಎರಡು ಬೆರಳುಗಳ ತುದಿಯನ್ನು ದೇವರಿಗೆ ಒಪ್ಪಿಸಬೇಕಾಗಿತ್ತು. ‘ಬೆರಳು ಕೊಡುವ ಒಕ್ಕಲಿಗರು’ ಎಂಬ ಹೆಸರು ಬಂದದ್ದು ಹೀಗೆ. ಕೋಲಾರದ ಸೀತಿಬೆಟ್ಟಕ್ಕೆ ಈ ಹರಕೆಯ ಕಥೆ ಅಂಟಿಕೊಂಡಿದೆ. ಭಸ್ಮಾಸುರನಿಗೆ ಹೆದರಿ ಅಡಗಿದ ಶಿವನ ತಾಣವನ್ನು ರೈತನೊಬ್ಬ ಬೆರಳು ತೋರಿಸಿ ಬಿಟ್ಟುಕೊಟ್ಟ. ಮುನಿದ ಶಿವ ಆ ಬೆರಳನ್ನೇ ತೆಗೆಯಹೊರಟಾಗ, ಗಂಡನ ಬೆರಳು ಹೋದರೆ ಉಳುವವರಾರು ಎಂದು ಹೆಂಡತಿ ತನ್ನ ಎರಡು ಬೆರಳುಗಳನ್ನು ಕೊಟ್ಟಳಂತೆ. ಮೈಸೂರು ಸರ್ಕಾರ ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪದ್ಧತಿಯನ್ನು ನಿಷೇಧಿಸಿತು. ಆಮೇಲೆ ಬೆರಳಿಗೆ ಚಿನ್ನದ ತಂತಿ ಸುತ್ತಿ, ಬೆರಳಿನ ಬದಲು ಆ ತಂತಿಯನ್ನು ತೆಗೆದುಕೊಡುವ ರೂಢಿ ಬಂದದ್ದನ್ನು 1909ರಲ್ಲಿ ಪ್ರಕಟವಾದ ಥರ್ಸ್ಟನ್ನನ ಸಂಪುಟಗಳು ವರ್ಣಿಸುತ್ತವೆ.

ಎರಡೂ ಕಥೆಗಳ ತಿರುಳು ಒಂದೇ. ಬೇಸಾಯಗಾರ ಮನೆತನವೊಂದು ಉಳಿದು ಬೆಳೆಯಬೇಕಾದರೆ ಅದರ ಬೆಲೆಯನ್ನು ಹೆಣ್ಣು ತೆತ್ತಳು. ಈ ಮಾತು ವಂಶಾವಳಿಯಲ್ಲಿಲ್ಲ, ಆಚರಣೆಯಲ್ಲಿತ್ತು. ರತ್ನಾವಳಿಯ ಹೆಸರು ಉಳಿದದ್ದು ತಾಮ್ರದ ಮೇಲೆ ಕೊರೆದಿದ್ದರಿಂದ. ಬಂಡಿಯಲ್ಲಿ ಬಂದ ಏಳು ಮನೆಗಳ ಹೆಂಗಸರಿಗೆ ತಾಮ್ರವೂ ಇರಲಿಲ್ಲ, ಕಲ್ಲೂ ಇರಲಿಲ್ಲ.

ಆವತಿ ಮೂಲದ ಪಾಳೆಯಪಟ್ಟುಗಳ ಅಧಿಕಾರ ಮುಗಿದುಹೋದ ಬಗೆ ಮಾತ್ರ ಸ್ಪಷ್ಟವಾಗಿದೆ. ದೊಡ್ಡಬಳ್ಳಾಪುರ 1638ರಲ್ಲಿ ಬಿಜಾಪುರದ ರಣದುಲ್ಲಾಖಾನನ ವಶವಾಯಿತು. ದೇವನಹಳ್ಳಿ 1749ರಲ್ಲಿ ಮೈಸೂರಿಗೆ ಸೇರಿತು. ಆ ಮುತ್ತಿಗೆಯಲ್ಲೇ ಹೈದರಾಲಿ ಮೊದಲು ಹೆಸರು ಮಾಡಿದ್ದು. 1762ರಲ್ಲಿ ಚಿಕ್ಕಬಳ್ಳಾಪುರವೂ ಹೈದರನ ಪಾಲಾಯಿತು. ಕೋಟೆಗಳು ಕೈಬಿಟ್ಟವು. ಆದರೆ ಒಕ್ಕಲು ಎಲ್ಲಿಗೂ ಹೋಗಲಿಲ್ಲ. ಅದೇ ಕೆರೆಗಳ ಕೆಳಗೆ ರಾಗಿ, ಭತ್ತ ಬೆಳೆಯುತ್ತ ಉಳಿಯಿತು. ಮುಂದೆ ರೇಷ್ಮೆ, ದ್ರಾಕ್ಷಿಗೂ ಕೈಹಾಕಿತು.

ಹೀಗಾಗಿ ತಮ್ಮ ಮನೆತನದ ಮೂಲವನ್ನು ಹುಡುಕಹೊರಡುವವರು ನಾಡಪ್ರಭುವಿನ ಹೆಸರಿಗೆ ಗಂಟುಹಾಕುವ ಆತುರ ಬಿಟ್ಟು ಮೊದಲು ಹತ್ತಿರದ ಸಾಕ್ಷ್ಯಗಳನ್ನು ಕೇಳಬೇಕು. ಮನೆದೇವರು ಯಾವ ಊರಿನಲ್ಲಿದ್ದಾನೆ? ಹೊಲದ ಹೆಸರೇನು? ಯಾವ ಯಾವ ಊರುಗಳಿಂದ ಹೆಣ್ಣು ತಂದರು? ಊರಿನ ಕೆರೆ ಏರಿಯ ಮೇಲೆ ಶಾಸನವಿದೆಯೇ? ಈ ಜಿಲ್ಲೆಯ ಶಾಸನಗಳು 1905ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕದ ಕೋಲಾರ ಸಂಪುಟದಲ್ಲಿ ಅಚ್ಚಾಗಿವೆ. ಬಹುಪಾಲು ಮನೆಗಳಲ್ಲಿ ಹೆಣ್ಣು ತಂದ ಊರುಗಳ ಪಟ್ಟಿ ಇಂದಿಗೂ ಅಜ್ಜಿಯರ ಬಾಯಲ್ಲಿ ಮಾತ್ರ ಇದೆ. ಅದನ್ನು ಬರೆದಿಟ್ಟುಕೊಳ್ಳುವ ಕೆಲಸ ಮೊದಲು ಆಗಲಿ. ಶಾಸನ ಇನ್ನೂ ನೂರು ವರ್ಷ ಕಾದೀತು, ಅಜ್ಜಿಯ ನೆನಪು ಅಷ್ಟು ಕಾಯುವುದಿಲ್ಲ.