ಉಕ್ಕಿನ ವಾದ್ಯಮೇಳ, ಕ್ಯಾಲಿಪ್ಸೋ ಮತ್ತು ಆಶ್ರಯದ ಪ್ರಶ್ನೆ

ಕಲೆಗೆ ಆಶ್ರಯವೀಯುವವರು ಆ ಕಲೆಯ ಸ್ವರೂಪವನ್ನು ಎಷ್ಟರ ಮಟ್ಟಿಗೆ ನಿರ್ಣಯಿಸುತ್ತಾರೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ಹೊಸ ಪ್ರಶ್ನೆಯಲ್ಲ. ರಾಜಾಸ್ಥಾನಗಳನ್ನು ಕುರಿತು ಕೇಳುತ್ತ ಬಂದಿರುವ ಈ ಪ್ರಶ್ನೆಯನ್ನು ವಾಣಿಜ್ಯಸಂಸ್ಥೆಗಳ ವಿಷಯದಲ್ಲಿಯೂ ಕೇಳಬಹುದು. ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ದ್ವೀಪವು ಅದಕ್ಕೆ ಉತ್ತಮ ನಿದರ್ಶನವಾಗಿರುವುದರಿಂದ, ಅಲ್ಲಿಯ ಕ್ಯಾಲಿಪ್ಸೋ ಹಾಡಿಗೂ ಸ್ಟೀಲ್‌ಪ್ಯಾನ್ ವಾದ್ಯಕ್ಕೂ ಇರುವ ಸಂಬಂಧವನ್ನು ಈ ದೃಷ್ಟಿಯಿಂದ ವಿವೇಚಿಸುತ್ತೇವೆ.

ಇವೆರಡೂ ಕಾರ್ನಿವಲ್ ಉತ್ಸವದೊಡನೆ ಬೆಳೆದವು. ಕ್ಯಾಲಿಪ್ಸೋ ಮಾತಿನ ಕಲೆ. ಆಳುವವರನ್ನು ಅಣಕಿಸುವುದೂ ಊರಿನ ಸುದ್ದಿಯನ್ನು ಹಾಡಿ ಹೇಳುವುದೂ ಅದರ ಧರ್ಮ. ಪ್ಯಾನ್ ವಾದ್ಯವಾದರೋ ನಿಷೇಧದ ನೆರಳಿನಲ್ಲಿ ಹುಟ್ಟಿತು. 1884ರ ಶಾಸನವು ಬೀದಿಯಲ್ಲಿ ಚರ್ಮವಾದ್ಯ ಬಾರಿಸುವುದನ್ನು ನಿರ್ಬಂಧಿಸಲು, ಆಫ್ರಿಕನ್ ಮೂಲದ ಬಡಜನರು ಬಿದಿರಿನ ಕೊಳವೆಗಳನ್ನು ನೆಲಕ್ಕೆ ಕುಟ್ಟಿ ತಾಳ ಹಿಡಿದರು. 1930ರ ದಶಕದ ಕೊನೆಯಲ್ಲಿ ಲೋಹದ ಡಬ್ಬಿಗಳೂ, 1940ರ ದಶಕದಲ್ಲಿ ತೈಲದ ಪೀಪಾಯಿಗಳೂ ಬಂದವು. ಪೀಪಾಯಿಯ ತಳವನ್ನು ಸುತ್ತಿಗೆಯಿಂದ ತಗ್ಗಿಸಿ, ಒಂದೊಂದು ಸ್ವರಕ್ಕೂ ಒಂದೊಂದು ಭಾಗವನ್ನು ಗುರುತಿಸಿ, ಕಾಯಿಸಿ ಶ್ರುತಿಗೊಳಿಸುವ ವಿದ್ಯೆ ಹೀಗೆ ಬೆಳೆಯಿತು.

ವಾದಕರನ್ನು ಸಮಾಜವು ಬಹುಕಾಲ ಪುಂಡರೆಂದೇ ಎಣಿಸಿತು. ಮೇಳಗಳು ಬೀದಿಯಲ್ಲಿ ಹೊಡೆದಾಡುತ್ತಿದ್ದುದೂ ನಿಜವೇ. 1950ರಲ್ಲಿ ಇನ್ವೇಡರ್ಸ್ ಮತ್ತು ಟೋಕಿಯೊ ಮೇಳಗಳ ನಡುವೆ ನಡೆದ ಕಾಳಗವು ಮುಂದೆ ಲಾರ್ಡ್ ಬ್ಲೇಕಿಯ ಕ್ಯಾಲಿಪ್ಸೋಗೆ ವಸ್ತುವಾಯಿತು. ಆದರೆ 1951ರಲ್ಲಿ ಜೋಸೆಫ್ ಗ್ರಿಫಿತ್ತರ ನೇತೃತ್ವದ ಒಂದು ಮೇಳವು ಲಂಡನ್ನಿನ ಬ್ರಿಟನ್ ಉತ್ಸವದಲ್ಲಿ ನುಡಿಸಿದ ಬಳಿಕ ಜನಾಭಿಪ್ರಾಯ ಮೆಲ್ಲನೆ ಬದಲಾಗತೊಡಗಿತು.

1956ರಲ್ಲಿ ಅಧಿಕಾರಕ್ಕೆ ಬಂದ ಎರಿಕ್ ವಿಲಿಯಮ್ಸರ ಸರ್ಕಾರವು ಮೇಳಗಳನ್ನು ಪೋಷಿಸುವಂತೆ ವಾಣಿಜ್ಯಸಂಸ್ಥೆಗಳನ್ನು ಪ್ರೋತ್ಸಾಹಿಸಿತು. 1960ರ ದಶಕದಲ್ಲಿ ಪ್ಯಾನ್ ಆಮ್ ನಾರ್ತ್ ಸ್ಟಾರ್ಸ್, ಶೆಲ್ ಇನ್ವೇಡರ್ಸ್, ಎಸ್ಸೋ ಟ್ರಿಪೋಲಿ, ಗಿನ್ನೆಸ್ ಕ್ಯಾವಲಿಯರ್ಸ್ ಎಂಬ ಹೆಸರುಗಳು ಕೇಳಿಬಂದವು. ಈ ಆಶ್ರಯದಿಂದ ವಾದ್ಯಗಳಿಗೆ ಹಣವೂ ವಾದಕರಿಗೆ ಮರ್ಯಾದೆಯೂ ದೊರೆತವು. ಅದರ ಬೆಲೆಯಾಗಿ, ಬೀದಿಯ ಮೇಳವು ತನ್ನ ಹೆಸರಿನ ಮುಂದೆ ಕಂಪನಿಯ ಹೆಸರನ್ನು ಹೊತ್ತು ನಡೆಯಿತು.

ಸ್ವಾತಂತ್ರ್ಯದ ಮರುವರ್ಷ, 1963ರಲ್ಲಿ, ಪನೋರಮ ಎಂಬ ಸ್ಪರ್ಧೆ ಆರಂಭವಾಯಿತು. ಮೊದಲ ಬಹುಮಾನವನ್ನು ನಾರ್ತ್ ಸ್ಟಾರ್ಸ್ ಮೇಳವು ಮೈಟಿ ಸ್ಪ್ಯಾರೋನ ‘ಡ್ಯಾನ್ ಈಸ್ ದ ಮ್ಯಾನ್’ ನುಡಿಸಿ ಗೆದ್ದಿತು. ಆ ಹಾಡು ವಸಾಹತು ಕಾಲದ ಪಾಠಪುಸ್ತಕಗಳನ್ನು ಗೇಲಿ ಮಾಡುವಂಥದು. ಪ್ಯಾನಿನಲ್ಲಿ ರಾಗ ಅರಳಿತು. ಗೇಲಿಯು ಕೇಳುಗರ ನೆನಪಿನಲ್ಲಿ ಮಾತ್ರ ಉಳಿಯಿತು. ಮಾತಿಲ್ಲದ ವಾದ್ಯಕ್ಕೆ ಆಶ್ರಯ ನೀಡುವುದು ಮಾತಿನ ಹಾಡಿಗೆ ಆಶ್ರಯ ನೀಡುವುದಕ್ಕಿಂತ ಸುಲಭವೆಂದು ನಾವು ಊಹಿಸುತ್ತೇವೆ. ಆದರೂ ಹಾಡುಗಾರನಿಗೆ ನಷ್ಟವಾಯಿತೆನ್ನಲಾಗದು. ಮೇಳಗಳು ಆರಿಸಿಕೊಂಡ ಹಾಡು ಊರೆಲ್ಲ ಹರಡುತ್ತಿತ್ತು. ಲಾರ್ಡ್ ಕಿಚನರ್ ಪ್ಯಾನನ್ನೇ ಮನಸ್ಸಿನಲ್ಲಿಟ್ಟುಕೊಂಡು ರಾಗಗಳನ್ನು ಕಟ್ಟಿದನು.

ಈ ಪರಸ್ಪರಾವಲಂಬನಕ್ಕೆ 1972ರಲ್ಲಿ ಪರೀಕ್ಷೆಯೊದಗಿತು. ರೇ ಹೋಲ್ಮನ್ ಸ್ಟಾರ್‌ಲಿಫ್ಟ್ ಮೇಳಕ್ಕಾಗಿ ಕ್ಯಾಲಿಪ್ಸೋವನ್ನು ಅವಲಂಬಿಸದೆ ‘ಪ್ಯಾನ್ ಆನ್ ದ ಮೂವ್’ ಎಂಬ ಸ್ವಂತ ಕೃತಿಯನ್ನು ರಚಿಸಿದರು. ಇದು ಸಂಪ್ರದಾಯಭಂಗವೆಂದು ಆಕ್ಷೇಪಿಸಿದವರಿದ್ದರು. ಆದರೆ 1987ರಲ್ಲಿ ಲೆನ್ ಶಾರ್ಪರ ಸ್ವಂತ ಕೃತಿಯಿಂದಲೇ ಫೇಸ್ ಟೂ ಮೇಳವು ಪನೋರಮವನ್ನು ಗೆದ್ದಿತು. ಹಾಗೆಂದು ಹಳೆಯ ನಂಟು ಹರಿಯಲಿಲ್ಲ. 1985ರಲ್ಲಿ ತೀರಿಕೊಂಡ ಡೆಸ್ಪರಾಡೋಸ್ ಮೇಳದ ನಾಯಕ ರುಡಾಲ್ಫ್ ಚಾರ್ಲ್ಸರನ್ನು ಸ್ಮರಿಸಿ ಡೇವಿಡ್ ರಡರ್ ಹಾಡಿದ ‘ದ ಹ್ಯಾಮರ್’ ಅನ್ನು ನುಡಿಸಿ 1986ರಲ್ಲಿ ಗೆದ್ದದ್ದು ಪ್ರತಿಸ್ಪರ್ಧಿಗಳಾದ ಟ್ರಿನಿಡಾಡ್ ಆಲ್ ಸ್ಟಾರ್ಸ್.

1992ರಲ್ಲಿ ಪ್ಯಾನ್ ರಾಷ್ಟ್ರವಾದ್ಯವೆಂದು ಘೋಷಿತವಾಯಿತು. 2023ರಲ್ಲಿ ವಿಶ್ವಸಂಸ್ಥೆಯು ಆಗಸ್ಟ್ 11ನ್ನು ವಿಶ್ವ ಸ್ಟೀಲ್‌ಪ್ಯಾನ್ ದಿನವೆಂದು ಅಂಗೀಕರಿಸಿತು. ಆಶ್ರಯದಾತರು ಮೇಳಕ್ಕೆ ಸಾಧನವನ್ನಿತ್ತರು, ಕ್ಯಾಲಿಪ್ಸೋ ರಾಗವನ್ನಿತ್ತಿತು. ಆದರೆ ಸುತ್ತಿಗೆ ಹಿಡಿದು ಪೀಪಾಯಿಯಿಂದ ಸ್ವರ ತೆಗೆದವರು ಆ ಎರಡೂ ಬರುವ ಮೊದಲೇ ಅಪಮಾನವನ್ನು ಸಹಿಸಿ ದುಡಿದಿದ್ದರು. ಪೋಷಕರ ಚರಿತ್ರೆಯನ್ನು ಬರೆಯುವಾಗ ಈ ಅನುಕ್ರಮವನ್ನು ಮರೆಯಬಾರದೆಂಬುದೇ ನಮ್ಮ ಅಭಿಪ್ರಾಯ.