ಮದುವೆಯ ಒಡವೆ ಮೂಸೆ ಸೇರುವುದೇಕೆ?

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಜಯಲಕ್ಷ್ಮೀವಿಲಾಸ ಒಬ್ಬ ರಾಜಕುಮಾರಿಗಾಗಿ 1905ರಲ್ಲಿ ಸಿದ್ಧವಾದ ಮಹಲು. ಆ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲೇ, 1897ರಲ್ಲಿ, ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಗಿತ್ತು. ಮುಂದೆ ಈ ಮಹಲು ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕೆ ನೆಲೆಯಾಯಿತು. 1968ರಲ್ಲಿ ಆರಂಭವಾದ ಈ ಸಂಗ್ರಹಾಲಯಕ್ಕೆ ತೊಗಲುಗೊಂಬೆ, ಮುಖವಾಡ, ದೀಪ, ಅಡುಗೆಯ ಪಾತ್ರೆಗಳೆಲ್ಲ ಹಳ್ಳಿಗಳಿಂದ ಬಂದವು. ಆದರೆ ಇಂಥ ಸಂಗ್ರಹಗಳಿಗೆ ಸುಲಭವಾಗಿ ಸಿಗದ ವಸ್ತುವೊಂದಿದೆ. ಅದು ಸಾಮಾನ್ಯ ಮನೆಯ ಮದುವೆಯ ಚಿನ್ನ.

ಜಡೆಬಿಲ್ಲೆ, ಬುಗುಡಿ, ಬೆಂಡೋಲೆ, ಅಡ್ಡಿಕೆ, ಕಾಸಿನ ಸರ, ವಂಕಿ, ಡಾಬು ಹೀಗೆ ವಧುವಿನ ಒಡವೆಗಳ ಪಟ್ಟಿ ದೊಡ್ಡದು. ಚಿನ್ನವೆಂದರೆ ಲಕ್ಷ್ಮಿ, ಹಾಗಾಗಿ ಅದು ಸೊಂಟದಿಂದ ಕೆಳಗಿಳಿಯದು. ಕಾಲುಂಗುರಕ್ಕೆ ಬೆಳ್ಳಿಯೇ ಆಗಬೇಕು.

ಈ ಒಡವೆ ಅಲಂಕಾರ ಮಾತ್ರವಲ್ಲ, ಹೆಣ್ಣಿನ ಆಸ್ತಿಯೂ ಹೌದು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ತನ್ನ ‘ಮಿತಾಕ್ಷರ’ದಲ್ಲಿ ಸ್ತ್ರೀಧನಕ್ಕೆ ವಿಶಾಲವಾದ ಅರ್ಥ ಕೊಟ್ಟ. ಹೊಲ, ಮನೆಗಳು ಗಂಡಸರ ಹೆಸರಿನಲ್ಲಿದ್ದ ಕಾಲದಲ್ಲಿ ಹೆಣ್ಣಿನ ಕೈಯಲ್ಲಿ ಉಳಿದದ್ದು ಬಹುಮಟ್ಟಿಗೆ ಮೈಮೇಲಿನ ಚಿನ್ನವೇ. ಬರಗಾಲದಲ್ಲಿ ಅಡವಿಗೆ ಹೋದದ್ದೂ, ಮಗಳ ಮದುವೆಗೆ ಕರಗಿದ್ದೂ ಅದೇ.

ಕರಗಿಸಿದಾಗ ತೂಕ ಕಡಿಮೆಯಾಗುವುದೂ ಉಂಟು. ಅಕ್ಕಸಾಲಿಗರು ತೆಳು ತಗಡನ್ನು ಅಚ್ಚಿನಲ್ಲಿ ಬಡಿದು, ಟೊಳ್ಳು ಗುಂಡುಗಳನ್ನು ಬೆಸೆದು, ನೆಗ್ಗದಂತೆ ಒಳಗೆ ಅರಗು ತುಂಬುತ್ತಿದ್ದರು. ಮೂಸೆಯಲ್ಲಿ ಅರಗು ಸುಟ್ಟುಹೋಗಿ ಚಿನ್ನವಷ್ಟೇ ಉಳಿಯುತ್ತದೆ. ಆ ಕೈಚಳಕಕ್ಕೆ ಬೆಲೆ ಕಟ್ಟುವವರಿಲ್ಲ.

ಸರ್ಕಾರದ ನೀತಿಯೂ ಈ ಕಸುಬನ್ನು ಕಾಡಿತು. 1962ರ ಚೀನಾ ಯುದ್ಧದ ವೇಳೆ ಅನೇಕ ಮಹಿಳೆಯರು ರಕ್ಷಣಾ ನಿಧಿಗೆ ಒಡವೆಗಳನ್ನು ಅರ್ಪಿಸಿದರು. 1963ರ ಚಿನ್ನ ನಿಯಂತ್ರಣ ನಿಯಮಗಳು 14 ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧತೆಯ ಹೊಸ ಆಭರಣಗಳ ತಯಾರಿಕೆಯನ್ನು ನಿಷೇಧಿಸಿದವು. ದೇಶದಾದ್ಯಂತ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು. ಈ ಮಿತಿ ಮುಂದೆ ಸಡಿಲಗೊಂಡರೂ, 1968ರ ಚಿನ್ನ ನಿಯಂತ್ರಣ ಕಾಯಿದೆ ರದ್ದಾದದ್ದು 1990ರಲ್ಲಿ.

ಬಡವರ ಮನೆಯ ಹಳೆಯ ಒಡವೆ ಉಳಿಯದಿರುವುದಕ್ಕೆ ಅಸಡ್ಡೆ ಕಾರಣವಲ್ಲ. ಅದು ತನ್ನ ಕೆಲಸವನ್ನು ಪೂರೈಸಿಯೇ ಕರಗಿತು. ಆದ್ದರಿಂದ ಸಂಗ್ರಹಾಲಯಗಳು ಒಡವೆಯ ಜೊತೆಗೆ ಅಕ್ಕಸಾಲಿಗರ ಅಚ್ಚುಗಳನ್ನೂ, ಮದುವೆಯ ಹಳೆಯ ಫೋಟೋಗಳನ್ನೂ, ಅಜ್ಜಿಯರಿಗೆ ಗೊತ್ತಿರುವ ಹೆಸರುಗಳನ್ನೂ ಕೂಡಿಡಬೇಕು. ಒಮ್ಮೆ ಕರಗಿದ ಬುಗುಡಿಯನ್ನು ಮತ್ತೆ ಮಾಡಿಸಬಹುದು. ಅದರ ಅಚ್ಚೂ ಹೆಸರೂ ಕಳೆದುಹೋದರೆ ಮಾಡಿಸಲಾಗದು.